ಶ್ರವಣದಿಂದ ಕೀರ್ತನಕ್ಕೆ: ಹಿರಿಯ ಗೃಹಸ್ಥರಿಗೊಂದು ಪಾಠ

ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ಪ್ರಹ್ಲಾದರಾಜರು ತಂದೆಯಾದ ಹಿರಣ್ಯಕಶಿಪುವಿಗೆ ನಿರೂಪಿಸಿದ ಒಂಬತ್ತು ವಿಧದ ಭಕ್ತಿಯು ಸಜ್ಜನರೆಲ್ಲರಿಗೂ ಪರಿಚಿತವಾದುದು. ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ ಎಂಬ ಈ ಕ್ರಮದಲ್ಲಿ ಶ್ರವಣವು ಮೊದಲನೆಯದು, ಕೀರ್ತನವು ಎರಡನೆಯದು. ನಮ್ಮ ನಗರದ ಹಿರಿಯ ಗೃಹಸ್ಥರಲ್ಲಿ ಬಹುಮಂದಿ ಮೊದಲನೆಯದರಲ್ಲಿ ನಿಷ್ಠಾವಂತರು. ಪ್ರವಚನಕ್ಕೆ ಕಾಲು ಗಂಟೆ ಮುಂಚಿತವಾಗಿಯೇ ಬಂದು, ಕಂಬಕ್ಕೆ ಒರಗಿ ಕುಳಿತು, ಒಂದು ಪ್ರಮೇಯವನ್ನೂ ಬಿಡದೆ ಕೇಳುತ್ತಾರೆ. ಆದರೆ ಪ್ರವಚನ ಮುಗಿದು ತಾಳದ ಸಪ್ಪಳ ಕೇಳಿದೊಡನೆ ಪುರುಷರ ಸಾಲು ಬರಿದಾಗುತ್ತದೆ. ಮಾತೆಯರು ಹಾಡಿನ ಪುಸ್ತಕಗಳನ್ನು ತೆರೆಯುವ ಹೊತ್ತಿಗೆ ಇವರು ಪಾದರಕ್ಷೆಗಳನ್ನು ಹುಡುಕುತ್ತಿರುತ್ತಾರೆ. ಒಂಬತ್ತು ಮೆಟ್ಟಿಲುಗಳ ಸೋಪಾನದಲ್ಲಿ ಮೊದಲನೆಯದನ್ನು ಏರಿ ಅಲ್ಲಿಯೇ ನಿಲ್ಲುವುದೇಕೆ ಎಂಬುದೇ ಈ ತಿಂಗಳ ನಮ್ಮ ವಿಚಾರ.

ಇದು ಕೇವಲ ಭಜನೆಯ ಸಾಲು ತುಂಬಿಸುವ ಪ್ರಶ್ನೆಯಲ್ಲ. ರಾಯಚೂರು, ಕಲಬುರಗಿ, ಬೀದರ ಸೀಮೆಗಳಿಂದ ಉದ್ಯೋಗಕ್ಕಾಗಿ ಭಾಗ್ಯನಗರಕ್ಕೆ ಬಂದು, ಮೂವತ್ತು ನಲವತ್ತು ವರ್ಷ ಕಚೇರಿಯಲ್ಲೋ, ಬ್ಯಾಂಕಿನಲ್ಲೋ, ಶಾಲೆಯಲ್ಲೋ, ಬೇಗಂ ಬಜಾರಿನ ಅಂಗಡಿಯ ಲೆಕ್ಕದ ಮೇಜಿನಲ್ಲೋ ದುಡಿದ ಗೃಹಸ್ಥನು ನಿವೃತ್ತನಾದ ಮೇಲೆ ಅವನಿಗೆ ಉಳಿಯುವುದೇನು? ಬೆಳಿಗ್ಗೆ ಸಂಧ್ಯಾವಂದನೆ, ದೇವರ ಪೂಜೆ, ಅನಂತರ ವೃತ್ತಪತ್ರಿಕೆ, ಅನಂತರ ದೀರ್ಘವಾದ ಮೌನ. ಹೆಣ್ಣುಮಕ್ಕಳಿಗೆ ಅಡುಗೆಮನೆ, ಹಬ್ಬ ಹುಣ್ಣಿಮೆ, ನೆರೆಹೊರೆ, ಭಜನಾ ಮಂಡಳಿ ಎಂದು ಬದುಕಿನ ಎಳೆಗಳು ಮುಂದುವರಿಯುತ್ತವೆ. ಗಂಡಸಿನ ಸ್ನೇಹವೆಲ್ಲ ಉದ್ಯೋಗದ ಜಾಗದಲ್ಲಿ ಬೆಳೆದದ್ದು. ಉದ್ಯೋಗ ಮುಗಿದಂದು ಅದೂ ಮುಗಿಯುತ್ತದೆ. ಇದರ ಮೇಲೆ ಪತ್ನೀವಿಯೋಗವೂ ಆದರೆ ಆ ಮನೆಯಲ್ಲಿ ಹಾಡೇ ನಿಂತುಹೋಗುತ್ತದೆ. ಏಕೆಂದರೆ ಹಾಡು ಬರುತ್ತಿದ್ದುದು ಆಕೆಗೆ. ಐವತ್ತು ವರ್ಷ ಪ್ರತಿದಿನ ಕೇಳಿದ ಪದದ ಪಲ್ಲವಿಯೊಂದೇ ಈತನಿಗೆ ನೆನಪು. ಚರಣಗಳು ಆಕೆಯೊಡನೆ ಹೋದವು.

ದಾಸರು ಯಾರಾಗಿದ್ದರು?

ಹಾಡುವುದು ಹೆಣ್ಣುಮಕ್ಕಳ ಕೆಲಸ, ಶಾಸ್ತ್ರ ಕೇಳುವುದು ಗಂಡಸರ ಕೆಲಸ ಎಂಬ ವಿಭಾಗ ನಮ್ಮ ಪರಂಪರೆಯದಲ್ಲ. ಶ್ರೀಮದಾಚಾರ್ಯರೇ ದ್ವಾದಶಸ್ತೋತ್ರವನ್ನು ಹಾಡಲು ತಕ್ಕ ಛಂದಸ್ಸುಗಳಲ್ಲಿ ರಚಿಸಿದರು. ಇಂದಿಗೂ ನೈವೇದ್ಯಕಾಲದಲ್ಲಿ ಅದನ್ನು ಹೇಳುವ ಪದ್ಧತಿಯಿದೆ. ಶ್ರೀಪಾದರಾಜರು, ವ್ಯಾಸರಾಜರು, ವಾದಿರಾಜರು ಪೀಠದಲ್ಲಿ ಕುಳಿತು ಸಂಸ್ಕೃತದಲ್ಲಿ ಗ್ರಂಥರಚನೆ ಮಾಡಿದ ಯತಿಶ್ರೇಷ್ಠರು. ಅವರೇ ಕನ್ನಡದಲ್ಲಿ ಕೀರ್ತನೆಗಳನ್ನೂ ರಚಿಸಿದರು.

ಬೇಗಂ ಬಜಾರಿನಂಥ ಸ್ಥಳದಲ್ಲಿ ವಾಸಿಸುವ ನಮಗೆ ಶ್ರೀ ಪುರಂದರದಾಸರ (1484–1564) ಚರಿತ್ರೆ ಇನ್ನಷ್ಟು ಹತ್ತಿರದ್ದಾಗಬೇಕು. ನಿಜಾಮ್ ಅಲೀ ಖಾನರ ಬೇಗಮರು ವರ್ತಕರಿಗೆ ಕೊಟ್ಟ ಭೂಮಿಯಾದ್ದರಿಂದ ಈ ಪೇಟೆಗೆ ಬೇಗಂ ಬಜಾರ್ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ. ಅಂದಿನಿಂದ ಇದು ಸಗಟು ವ್ಯಾಪಾರದ ಊರು; ಇಲ್ಲಿ ಮುಂಜಾನೆಯಿಂದ ರಾತ್ರಿಯವರೆಗೆ ಕೇಳುವುದು ತೂಕ, ದರ, ಬಾಕಿಗಳ ಮಾತು. ದಾಸರೂ ಪೂರ್ವಾಶ್ರಮದಲ್ಲಿ ಇಂಥ ಮಾತುಗಳ ನಡುವೆಯೇ ಇದ್ದವರು. ಶ್ರೀನಿವಾಸನಾಯಕನೆಂಬ ಹೆಸರಿನ, ನವಕೋಟಿ ನಾರಾಯಣನೆಂದು ಖ್ಯಾತನಾದ, ಒಂದು ಕಾಸನ್ನೂ ಬಿಡದ ವರ್ತಕ. ಪತ್ನಿಯು ಬಡ ಬ್ರಾಹ್ಮಣನಿಗೆ ದಾನ ಮಾಡಿದ ಮೂಗುತಿಯ ಪ್ರಸಂಗದಿಂದ ಅವರ ಕಣ್ಣು ತೆರೆಯಿತೆಂಬುದು ಸಂಪ್ರದಾಯದ ಕಥೆ. ಗಮನಿಸಬೇಕಾದುದು ಎರಡು ಅಂಶ. ಒಂದು, ಅವರು ತಂಬೂರಿ ಹಿಡಿದದ್ದು ಬಾಲ್ಯದಲ್ಲಲ್ಲ. ಸಂಸಾರ ನಡೆಸಿ, ವ್ಯಾಪಾರ ಮಾಡಿ, ಲೋಕದ ಲಾಭನಷ್ಟಗಳನ್ನು ಕಂಡ ಮೇಲೆ. ಇನ್ನೊಂದು, ಆ ದಾರಿ ತೋರಿದವಳು ಮನೆಯ ಗೃಹಿಣಿ. ಅದನ್ನು ದಾಸರು ಸಂಕೋಚವಿಲ್ಲದೆ, ಕೃತಜ್ಞತೆಯಿಂದ ತಮ್ಮ ಪದದಲ್ಲಿ ಹೇಳಿಕೊಂಡಿದ್ದಾರೆ.

ಪಂಡಿತರ ಸಂಕೋಚಕ್ಕೂ ಪರಂಪರೆಯಲ್ಲಿ ಉತ್ತರವಿದೆ. ರಾಯಚೂರು ಜಿಲ್ಲೆಯ ಮಾನ್ವಿಯ ಬಳಿಯ ಬ್ಯಾಗವಾಟದವರಾದ ಶ್ರೀನಿವಾಸಾಚಾರ್ಯರು ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರ ಬಗ್ಗೆ ಅವರಿಗೆ ಆದರವಿರಲಿಲ್ಲ. ಶ್ರೀ ವಿಜಯದಾಸರ ಆಹ್ವಾನವನ್ನು ಉಪೇಕ್ಷಿಸಿದ ಮೇಲೆ ತೀವ್ರವಾದ ಉದರಶೂಲೆಯಿಂದ ಬಳಲಿ, ಕಡೆಗೆ ವಿಜಯದಾಸರನ್ನೇ ಶರಣುಹೊಂದಿದರು. ವಿಜಯದಾಸರ ಆಜ್ಞೆಯಂತೆ ಶ್ರೀ ಗೋಪಾಲದಾಸರು ತಮ್ಮ ಆಯುಷ್ಯದಿಂದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಸಂಪ್ರದಾಯ ಹೇಳುತ್ತದೆ. ಆ ಶ್ರೀನಿವಾಸಾಚಾರ್ಯರೇ ಶ್ರೀ ಜಗನ್ನಾಥದಾಸರು (1728–1809). ಆ ದಾನದ ಆಯುಷ್ಯದ ಫಲವೇ ಹರಿಕಥಾಮೃತಸಾರ. ವಿಜಯದಾಸರ ಚೀಕಲಪರವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಮಾನ್ವಿ ಇವೆಲ್ಲವೂ ರಾಯಚೂರು ಸೀಮೆಯ ಊರುಗಳು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಆ ಸೀಮೆಯಿಂದಲೇ ನಮ್ಮಲ್ಲಿ ಅನೇಕರ ಮನೆತನಗಳು ಬಂದಿವೆ. ಅಂದರೆ ದಾಸಸಾಹಿತ್ಯವು ನಮ್ಮ ಹಿರಿಯರಿಗೆ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ, ಮನೆಯಲ್ಲಿ ಮರೆತಿಟ್ಟ ಆಸ್ತಿ.

ಆರೋಗ್ಯದ ದೃಷ್ಟಿ

ಭಗವಂತನ ಪ್ರೀತಿಯೇ ಕೀರ್ತನದ ಮುಖ್ಯಫಲ, ದೇಹಾರೋಗ್ಯವು ಆನುಷಂಗಿಕ. ಆದರೂ ಆಧುನಿಕರು ಈ ವಿಷಯದಲ್ಲಿ ಕಂಡುಕೊಂಡದ್ದನ್ನು ತಿಳಿಯುವುದರಲ್ಲಿ ದೋಷವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆಯು 2019ರಲ್ಲಿ ಕಲೆ ಮತ್ತು ಆರೋಗ್ಯಗಳ ಸಂಬಂಧವನ್ನು ಕುರಿತ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಆಧರಿಸಿದ ವರದಿಯೊಂದನ್ನು ಪ್ರಕಟಿಸಿತು. ರೋಗವನ್ನು ತಡೆಯುವಲ್ಲಿಯೂ, ಬಂದ ರೋಗವನ್ನು ಸಹಿಸಿ ನಿರ್ವಹಿಸುವಲ್ಲಿಯೂ ಕಲೆಗಳಿಗೆ ಪಾತ್ರವಿದೆಯೆಂಬುದು ಅದರ ಸಾರ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಇಂಗ್ಲೆಂಡಿನ 50 ವರ್ಷ ಮೀರಿದ 6,710 ಜನರನ್ನು ಸುಮಾರು 14 ವರ್ಷಗಳ ಕಾಲ ಗಮನಿಸಲಾಯಿತು. ಸಂಗೀತ, ನಾಟಕ, ಪ್ರದರ್ಶನಗಳಿಗೆ ಕೆಲವು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದವರಲ್ಲಿ, ಎಂದೂ ಹೋಗದವರಿಗಿಂತ ಮರಣದ ಸಂಭವ ಶೇಕಡ 31ರಷ್ಟು ಕಡಿಮೆಯಿತ್ತು. ಆರೋಗ್ಯವಂತರೇ ಹೆಚ್ಚಾಗಿ ಮನೆಯಿಂದ ಹೊರಗೆ ಹೋಗುತ್ತಾರಲ್ಲವೆ ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ಅಧ್ಯಯನ ಮಾಡಿದವರು ಆರೋಗ್ಯ, ಐಶ್ವರ್ಯ ಮೊದಲಾದ ಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಈ ಅಂಕಿಯನ್ನು ಕೊಟ್ಟಿದ್ದಾರೆ. ಆದರೂ ಇದರಿಂದ ಸಂಬಂಧ ತಿಳಿಯುತ್ತದೆಯೇ ಹೊರತು ಕಾರಣವು ಸಿದ್ಧವಾಗುವುದಿಲ್ಲ. ಆದ್ದರಿಂದ ಹಾಡಿದರೆ ಮಧುಮೇಹ ಗುಣವಾಗುತ್ತದೆ, ಔಷಧ ಬೇಡ ಎಂದು ಯಾರಾದರೂ ಹೇಳಿದರೆ ನಂಬಬಾರದು. ಔಷಧ ಔಷಧದ ಕೆಲಸ ಮಾಡಲಿ, ಕೀರ್ತನ ಕೀರ್ತನದ ಕೆಲಸ ಮಾಡಲಿ.

ಇನ್ನೊಂದು ದೇಶದ ಅನುಭವವೂ ಇಲ್ಲಿ ಉಪಯುಕ್ತ. ಗಂಡಸರನ್ನು ಕೂಡಿಸುವುದು ಎಲ್ಲೆಡೆಯೂ ಕಷ್ಟವೇ. ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ‘ಮೆನ್ಸ್ ಶೆಡ್’ ಎಂಬ ಹೆಸರಿನ ಕಾರ್ಯಾಗಾರಗಳು ನಡೆಯುತ್ತಿವೆ. ನಿವೃತ್ತರು ಅಲ್ಲಿಗೆ ಬಂದು ಮರಗೆಲಸ ಮಾಡುತ್ತಾರೆ, ಕೆಟ್ಟ ವಸ್ತುಗಳನ್ನು ದುರಸ್ತಿ ಮಾಡುತ್ತಾರೆ. ‘ನಿಮ್ಮ ಏಕಾಂತದ ದುಃಖ ಹೇಳಿಕೊಳ್ಳಿ’ ಎಂದು ಕರೆದರೆ ಗಂಡಸರು ಬರುವುದಿಲ್ಲ. ಪಕ್ಕಪಕ್ಕದಲ್ಲಿ ನಿಂತು ಕೆಲಸ ಮಾಡುವಾಗ ಮಾತು ತಾನಾಗಿ ಬರುತ್ತದೆ ಎಂಬುದು ಅವರು ಕಂಡ ಸೂತ್ರ. ನಮ್ಮ ಹಿರಿಯರಿಗೆ ಉಳಿಯೇ ಬೇಕೆಂದಿಲ್ಲ. ತಾಳ ಸಾಕು, ಲೇಖನಿ ಸಾಕು. ಆದರೆ ಸೂತ್ರ ಅದೇ. ಹಿರಿಯ ಗಂಡಸನ್ನು ‘ಬಂದು ಕುಳಿತುಕೊಳ್ಳಿ’ ಎಂದು ಕರೆಯಬಾರದು. ‘ಈ ಕೆಲಸ ನಿಮ್ಮಿಂದ ಆಗಬೇಕು’ ಎಂದು ಕರೆಯಬೇಕು.

ಅಭ್ಯಾಸದ ಕ್ರಮ

ಎಪ್ಪತ್ತರ ವಯಸ್ಸಿನಲ್ಲಿ ಆರಂಭಿಸುವವರಿಗೆ ಅನುಕೂಲವಾದ ಕ್ರಮವೊಂದನ್ನು ಇಲ್ಲಿ ನಿರೂಪಿಸುತ್ತೇವೆ.

ಮೊದಲನೆಯದು ತಾಳ. ಕಂಠ ತೆರೆಯಲು ಸಂಕೋಚವಿರುವವರು ಕೈಯಿಂದ ಆರಂಭಿಸಲಿ. ಆದಿತಾಳದ ಆವರ್ತದಲ್ಲಿ ಎಂಟು ಅಕ್ಷರ: ನಾಲ್ಕು, ಎರಡು, ಎರಡು. ಮೊದಲ ನಾಲ್ಕಕ್ಕೆ ಒಂದು ಘಾತ ಮತ್ತು ಮೂರು ಬೆರಳೆಣಿಕೆ. ಅನಂತರ ಎರಡು ಸಲ ಘಾತ ಮತ್ತು ವಿಸರ್ಜಿತ, ಅಂದರೆ ಅಂಗೈ ತಟ್ಟಿ ತಿರುಗಿಸುವುದು. ಜೀವಮಾನವೆಲ್ಲ ಲೆಕ್ಕ ಬರೆದವರಿಗೆ ಎಂಟರ ಲೆಕ್ಕ ತಪ್ಪಲಾರದು. ಕೈಗೆ ಲೆಕ್ಕ ಕುಳಿತ ಮೇಲೆ ತಾಳಗಳನ್ನು ಹಿಡಿಯಬಹುದು. ಹಿತ್ತಾಳೆ ತಾಮ್ರದ ಪಾತ್ರೆಗಳಿಗೂ ಪೂಜಾಸಾಮಗ್ರಿಗಳಿಗೂ ಹೆಸರಾದ ಬೇಗಂ ಬಜಾರಿನಲ್ಲಿ ಒಳ್ಳೆಯ ತಾಳವನ್ನು ಹುಡುಕುವುದು ಕಷ್ಟವಲ್ಲ. ಕೊಳ್ಳುವ ಮುನ್ನ ಒಮ್ಮೆ ತಟ್ಟಿ, ನಾದವು ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಿರಿ.

ಎರಡನೆಯದು ಉಗಾಭೋಗ. ಇದಕ್ಕೆ ತಾಳದ ಕಟ್ಟಿಲ್ಲ, ಪಲ್ಲವಿ ಚರಣಗಳ ವಿಭಾಗವಿಲ್ಲ. ನಾಲ್ಕಾರು ಸಾಲು, ಒಂದೊಂದನ್ನೂ ಉಸಿರಿದ್ದಷ್ಟು ಹೇಳಿ, ನಿಂತು, ಮುಂದುವರಿಯಬಹುದು. ಉಸಿರು ಗಿಡ್ಡವಾದ ವೃದ್ಧರಿಗೆ ಇದಕ್ಕಿಂತ ಅನುಕೂಲವಾದ ರಚನೆ ಇನ್ನೊಂದಿಲ್ಲ. ರಾಗ ಬರದಿದ್ದರೆ ಅರ್ಥವರಿತು ಸ್ಪಷ್ಟವಾಗಿ ಹೇಳಿದರೂ ಸಾಕು.

ಮೂರನೆಯದು ಪದ. ಪಲ್ಲವಿಯನ್ನು ಎಲ್ಲರೂ, ಚರಣವನ್ನು ಒಬ್ಬರು ಎಂಬ ಕ್ರಮದಿಂದ ಆರಂಭಿಸಬೇಕು. ಸ್ವರಜ್ಞಾನವನ್ನು ಬಯಸುವವರಿಗೆ ಮಾಯಾಮಾಳವಗೌಳದ ಸರಳೆ ವರಸೆಗಳುಂಟು. ಸಂಗೀತಶಿಕ್ಷಣದ ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೇ ಎಂಬುದು ಪ್ರಸಿದ್ಧಿ. ಆದರೆ ಪಂಡಿತ ಭೀಮಸೇನ ಜೋಶಿಯವರ ದಾಸವಾಣಿಯನ್ನು ಕೇಳಿ ಬೆಳೆದ ಕಿವಿಗಳು ತಮ್ಮ ಕಂಠವನ್ನು ಅದರೊಡನೆ ತೂಗಿ ನಾಚಬಾರದು. ಅದು ಕಛೇರಿಯ ಗಾನ, ಇದು ಸೇವೆ.

ನಾಲ್ಕನೆಯದು ಹರಿಕಥಾಮೃತಸಾರ. ಇದು ಭಾಮಿನೀ ಷಟ್ಪದಿಯ ಗ್ರಂಥ. ಕುಮಾರವ್ಯಾಸ ಭಾರತದ ಛಂದಸ್ಸೂ ಅದೇ. ಮೂರು ನಾಲ್ಕು ಮಾತ್ರೆಗಳ ಆ ನಡೆಯನ್ನು ಹಳ್ಳಿಯ ಭಾರತವಾಚನದಲ್ಲೋ ಶಾಲೆಯ ಕನ್ನಡ ಪಾಠದಲ್ಲೋ ಕೇಳಿರುವ ಹಿರಿಯರಿಗೆ ಈ ಗ್ರಂಥವನ್ನು ಓದುವ ಧಾಟಿ ಅರ್ಧ ತಿಳಿದೇ ಇದೆ. ಜಗನ್ನಾಥದಾಸರ 32 ಸಂಧಿಗಳು, ಶ್ರೀದವಿಠಲರ ಫಲಸ್ತುತಿ ಸೇರಿದರೆ 33. ವಾರಕ್ಕೊಂದು ಸಂಧಿಯಂತೆ ಓದಿದರೆ ಎಂಟು ತಿಂಗಳೊಳಗೆ ಒಂದು ಆವೃತ್ತಿ ಪೂರ್ಣವಾಗುತ್ತದೆ. ಅನೇಕ ತಾಳಗಳುಳ್ಳ ಸುಳಾದಿಗಳನ್ನು ಇದರ ಅನಂತರ, ತಿಳಿದವರ ಸನ್ನಿಧಿಯಲ್ಲಿ ಆರಂಭಿಸುವುದು ಲೇಸು.

ಐದನೆಯದು ಲೇಖನಸೇವೆ, ಹಾಡಲು ಒಲ್ಲೆನೆನ್ನುವವರಿಗೂ ಇದು ಸಲ್ಲುತ್ತದೆ. ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಮನೆಮನೆಗಳಲ್ಲಿ ಉಳಿದಿದ್ದ ಕೈಬರಹದ ಹಾಡುಗಳನ್ನು ಸಂಗ್ರಹಿಸಿ, ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಪ್ರಕಟಿಸಿದರು. ಆ ಶ್ರಮವಿಲ್ಲದಿದ್ದರೆ ಎಷ್ಟೋ ಪದಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು. ನಮ್ಮ ಮನೆಗಳಲ್ಲಿಯೂ ಅಜ್ಜಿಯರ ಹಾಡಿನ ವಹಿಗಳಿವೆ. ಹಾಳೆಗಳು ಪುಡಿಯಾಗುತ್ತಿವೆ, ಶಾಯಿ ಮಾಸುತ್ತಿದೆ. ಇಲ್ಲಿ ಹುಟ್ಟಿದ ಮೊಮ್ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತನಾಡಿದರೂ ಅಕ್ಷರವನ್ನು ತೆಲುಗಿನಲ್ಲಿ ಕಲಿತವರು. ಅಂಥ ವಹಿಯನ್ನು ದಪ್ಪಕ್ಷರದಲ್ಲಿ ಎಡಪುಟಕ್ಕೆ ಕನ್ನಡ, ಬಲಪುಟಕ್ಕೆ ತೆಲುಗು ಲಿಪಿಯಲ್ಲಿ ಬರೆದಿಡುವುದು ಒಬ್ಬ ನಿವೃತ್ತರಿಗೆ ಒಂದು ವರ್ಷದ ಕೆಲಸ; ಒಂದು ತಲೆಮಾರಿಗೆ ಉಪಕಾರ. ಎರಡೂ ಲಿಪಿಗಳು ಸೋದರಿಯರಂತಿರುವುದರಿಂದ, ಬಲಪುಟ ಓದುವ ಮಗು ಸ್ವಲ್ಪ ಕಾಲದಲ್ಲಿ ಎಡಪುಟವನ್ನೂ ಓದತೊಡಗುತ್ತದೆ. ಬರೆಯುವವರು ಅಂಕಿತವನ್ನೂ, ಹಾಡುತ್ತಿದ್ದವರ ಊರನ್ನೂ ತಪ್ಪದೆ ನಮೂದಿಸಬೇಕು.

ಮನೆಯವರು ಮಾಡಬೇಕಾದುದು

‘ಸುಮ್ಮನೆ ಕುಳಿತಿದ್ದೀರಿ, ಮಠಕ್ಕಾದರೂ ಹೋಗಿ ಬನ್ನಿ’ ಎಂಬ ಮಾತು ಒಳ್ಳೆಯ ಮನಸ್ಸಿನಿಂದ ಬಂದರೂ ಹಿರಿಯರಿಗೆ ನೋವನ್ನುಂಟುಮಾಡುತ್ತದೆ. ತಾವು ಮನೆಗೆ ಭಾರವಾದೆವೆಂದು ಅವರಿಗೆ ತೋರುತ್ತದೆ. ಅದರ ಬದಲು ಮಗನು, ‘ಅಪ್ಪಾ, ಈ ಪದದ ಎರಡನೆಯ ನುಡಿಯನ್ನು ನಮ್ಮೂರಲ್ಲಿ ಯಾವ ಧಾಟಿಯಲ್ಲಿ ಹೇಳುತ್ತಿದ್ದರು?’ ಎಂದು ಕೇಳಲಿ. ಸೊಸೆಯು, ‘ಮಾವನವರೇ, ಶನಿವಾರದ ಭಜನೆಗೆ ತಾಳ ಹಾಕುವವರಿಲ್ಲ, ನೀವು ಬರಬೇಕು’ ಎನ್ನಲಿ. ಮೊಮ್ಮಗನು ಅಜ್ಜನ ಧ್ವನಿಯನ್ನು ದೂರವಾಣಿಯಲ್ಲಿ ಧ್ವನಿಮುದ್ರಿಸಿ ಊರಿನ ಬಂಧುಗಳಿಗೆ ಕಳುಹಿಸಲಿ. ಪ್ರಶ್ನೆ ಕೇಳಿಸಿಕೊಳ್ಳುವವನು ಬೇಕಾದವನಾಗುತ್ತಾನೆ.

ಹಿರಿಯರೂ ಒಂದು ಅಭಿಮಾನವನ್ನು ತ್ಯಜಿಸಬೇಕು. ಇಂದು ನಮ್ಮ ನಗರದಲ್ಲಿ ಪದಗಳನ್ನು ಬಲ್ಲವರು ಮಾತೆಯರೇ. ಅವರ ಮುಂದೆ ಪುಸ್ತಕ ತೆರೆದು ಕುಳಿತು ಕಲಿಯುವುದರಲ್ಲಿ ಲಘುತ್ವವಿಲ್ಲ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವನವರ ಹಾಡುಗಳನ್ನು ಪೂಜ್ಯಭಾವದಿಂದ ಕೇಳುವ ನಾವು, ನಮ್ಮ ಮನೆಯ ಸೊಸೆಯಿಂದ ಒಂದು ಪದ ಕಲಿಯಲು ಹಿಂಜರಿಯುವುದು ತರವೇ? ಹೊಟ್ಟೆನೋವು ಬರುವವರೆಗೆ ಕಾಯದೆ ಶ್ರೀನಿವಾಸಾಚಾರ್ಯರ ಪಾಠವನ್ನು ಕಲಿಯುವುದು ಜಾಣತನ.

ಭಜನೆ ನಡೆಸುವವರಿಗೆ ಸೂಚನೆಗಳು

ಮೊಣಕಾಲು ನೋವಿನವರಿಗೆ ಗೋಡೆಯ ಬದಿಯಲ್ಲಿ ಕುರ್ಚಿಗಳಿರಲಿ. ಕುರ್ಚಿಯಲ್ಲಿ ಕುಳಿತವರನ್ನು ಹಿಂದಕ್ಕೆ ತಳ್ಳಬಾರದು. ಪದಗಳನ್ನು ದಪ್ಪಕ್ಷರದಲ್ಲಿ ಬರೆದ ಹಾಳೆಗಳನ್ನು ಹಂಚಬೇಕು. ಕಿವಿ ಮಂದವಾದವರನ್ನು ಮುಂದಿನ ಸಾಲಿನಲ್ಲಿ, ಹಾಡುವವರ ಮುಖ ಕಾಣುವಂತೆ ಕೂರಿಸಬೇಕು. ಶ್ರುತಿಯನ್ನು ಮಾತೆಯರ ಕಂಠಕ್ಕೆ ಹಿಡಿದರೆ ಪುರುಷರಿಗೆ ಎಟುಕುವುದಿಲ್ಲ. ನಾಲ್ಕು ಪದಗಳಲ್ಲಿ ಒಂದನ್ನಾದರೂ ತಗ್ಗಿಸಿದ ಶ್ರುತಿಯಲ್ಲಿ ಪುರುಷರೇ ಆರಂಭಿಸಲಿ. ಅಪಸ್ವರ ಬಂದಾಗ ಯಾರೂ ತಿರುಗಿ ನೋಡಬಾರದು. ಏಕಾದಶಿಯ ಭಜನೆ ಶ್ರೇಷ್ಠವೇ. ಆದರೆ ಉಪವಾಸದ ದಿನ ಔಷಧ ಸೇವಿಸುವ ವೃದ್ಧರನ್ನು ರಾತ್ರಿಯವರೆಗೆ ಕೂರಿಸದೆ, ಹಗಲಿನಲ್ಲಿಯೇ ಒಂದು ಗಂಟೆಯಲ್ಲಿ ಮುಗಿಸಬೇಕು. ಉಪವಾಸದ ವಿಷಯದಲ್ಲಿ ವೈದ್ಯರ ಮಾತನ್ನು ಮೀರಬಾರದು.

ಬರುವ ದಾರಿಯೂ ಮುಖ್ಯ. ನಮ್ಮ ಕುಟುಂಬಗಳಲ್ಲಿ ಅನೇಕವು ಇಂದು ಕೂಕಟಪಲ್ಲಿ, ಮಿಯಾಪುರ, ದಿಲ್‌ಸುಖ್‌ನಗರಗಳಲ್ಲಿ ನೆಲೆಸಿವೆ. ಮಿಯಾಪುರದಿಂದ ಎಲ್.ಬಿ. ನಗರದವರೆಗಿನ ಮೆಟ್ರೊ ಮಾರ್ಗವು 2018ರಲ್ಲಿ ಪೂರ್ಣವಾದ ಮೇಲೆ, ಗಾಂಧಿಭವನ ಅಥವಾ ಉಸ್ಮಾನಿಯಾ ವೈದ್ಯಕೀಯ ಕಾಲೇಜು ನಿಲ್ದಾಣದಲ್ಲಿ ಇಳಿದು ಬೇಗಂ ಬಜಾರಿಗೆ ಬರುವುದು ಸುಲಭವಾಗಿದೆ. ನಿಲ್ದಾಣದಿಂದ ಮುಂದಕ್ಕೆ ಕೈಗಾಡಿಗಳ, ಹಮಾಲರ, ವಾಹನಗಳ ದಟ್ಟಣೆಯಲ್ಲಿ ವೃದ್ಧರು ಒಬ್ಬರೇ ನಡೆಯಬಾರದು. ಒಂದೇ ಬಡಾವಣೆಯ ಇಬ್ಬರು ಮೂವರು ಕೂಡಿ ಬರಲಿ. ನಿಲ್ದಾಣದ ಬಳಿ ತರುಣನೊಬ್ಬ ಕಾದಿರಲಿ. ಕೂಡಿ ಬರುವ ಆ ಅರ್ಧ ಗಂಟೆಯ ಮಾತುಕತೆಯೂ ಸತ್ಸಂಗವೇ.

ಈ ತಿಂಗಳ ಅಭ್ಯಾಸ

ಗುರಿಯಿಲ್ಲದ ಅಭ್ಯಾಸ ನಿಲ್ಲುವುದಿಲ್ಲ. ವರ್ಷದಲ್ಲಿ ಮೂರು ಆರಾಧನೆಗಳನ್ನು ಗುರಿಯಾಗಿಟ್ಟುಕೊಳ್ಳಬಹುದು: ಭಾದ್ರಪದ ಶುದ್ಧ ನವಮಿ ಜಗನ್ನಾಥದಾಸರದು, ಕಾರ್ತಿಕ ಶುದ್ಧ ದಶಮಿ ವಿಜಯದಾಸರದು, ಪುಷ್ಯ ಅಮಾವಾಸ್ಯೆ ಪುರಂದರದಾಸರದು. ಒಂದೊಂದು ಆರಾಧನೆಗೆ ಒಂದೊಂದು ಪದವನ್ನು ಹಿರಿಯ ಪುರುಷರು ಕೂಡಿ ಸಿದ್ಧಪಡಿಸಲಿ.

ಅದಕ್ಕೆ ಮೊದಲ ಹೆಜ್ಜೆಯಾಗಿ ಈ ತಿಂಗಳು ಮೂರೇ ಕೆಲಸ. ಒಂದು, ಬಾಲ್ಯದಲ್ಲಿ ಕೇಳಿದ ಒಂದು ಪದವನ್ನು ನೆನಪಿದ್ದಷ್ಟು ಕಾಗದದ ಮೇಲೆ ಬರೆಯಿರಿ. ಮರೆತಲ್ಲಿ ಜಾಗ ಬಿಡಿರಿ. ಎರಡು, ಆ ಜಾಗವನ್ನು ತುಂಬಲು ಮನೆಯ ಹೆಣ್ಣುಮಕ್ಕಳನ್ನೋ, ಊರಿನ ಅಕ್ಕತಂಗಿಯರನ್ನೋ ಕೇಳಿರಿ. ಮೂರು, ಪ್ರತಿದಿನ ದೇವರ ಮುಂದೆ ದೀಪ ಹಚ್ಚಿದ ಮೇಲೆ ಅದನ್ನು ಒಮ್ಮೆ ಗಟ್ಟಿಯಾಗಿ ಹೇಳಿರಿ. ರಾಗ ಬಾರದಿದ್ದರೂ ಸರಿ. ಬರೆದ ಹಾಳೆಯೊಡನೆ ಮುಂದಿನ ಭಜನೆಗೆ ಬನ್ನಿರಿ. ಮಠದಲ್ಲಿ ತಾಳ ಸಿದ್ಧವಿರುತ್ತದೆ. ಹಿಡಿಯುವ ಕೈ ಬೇಕಾಗಿದೆ.

ನಮ್ಮ ಹಿರಿಯರ ಮನೆಗಳಲ್ಲಿ ನಿಂತ ಹಾಡು ಮತ್ತೆ ಆರಂಭವಾಗುವಂತೆ ಶ್ರೀಹರಿವಾಯುಗುರುಗಳು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು